ತಿರುವಿನವರೆಗೆ ಹೋದ ಗಾಡಿಗಳು

ಶಿಷ್ಯನೊಬ್ಬ ಗುರುವನ್ನು ಕೇಳಿದ: "ಸ್ವಾಮಿ, ಜಪವೂ ಒಂದು ದಾರಿ, ಸೇವೆಯೂ ಒಂದು ದಾರಿ ಎನ್ನುತ್ತೀರಿ. ಎರಡರಲ್ಲಿ ಯಾವುದು ಮೇಲು ಎಂದು ಪೂರ್ತಿ ತಿಳಿಯುವವರೆಗೆ ನಿಂತು ಅಳೆದು ತೂಗುವುದು ವಿವೇಕವಲ್ಲವೇ?"

ಗುರು ಹೇಳಿದರು: "ಹೋದ ವರ್ಷವೂ ಇದನ್ನೇ ಕೇಳಿದ್ದೆ. ಆಗಲೂ ನಿಂತಿದ್ದೆ, ಈಗಲೂ ನಿಂತಿದ್ದೀಯೆ. ಕೂತುಕೋ, ಒಂದು ಕತೆ ಹೇಳುತ್ತೇನೆ. ಕೂರಲು ಎಡಗಡೆ ಮೇಲೋ ಬಲಗಡೆ ಮೇಲೋ ಎಂದು ಮಾತ್ರ ಕೇಳಬೇಡ."

ಶಿಷ್ಯ ಕೂತ. ಗುರು ಹೇಳತೊಡಗಿದರು.

ಒಂದು ಪೇಟೆಯಲ್ಲಿ ಒಬ್ಬ ಪಾತ್ರೆ ವ್ಯಾಪಾರಿ ಇದ್ದ. ಬೆರಳಿನಿಂದ ಬಡಿದು ಸದ್ದು ಕೇಳದೆ ಒಂದು ಚೊಂಬನ್ನೂ ಕೊಂಡವನಲ್ಲ. ಗಿರಾಕಿಗಳಿಗೂ ಬಡಿದು ನೋಡಿ ಒಯ್ಯಿರಿ ಎಂದೇ ಹೇಳುತ್ತಿದ್ದ. ಅದರಿಂದ ಅವನಿಗೆ ಬುದ್ಧಿವಂತನೆಂಬ ಹೆಸರು ಬಂತು. ಹೆಸರು ಬಂದ ಮೇಲೆ ಅದನ್ನು ಸಾಕಬೇಕಲ್ಲ, ಸಾಕುತ್ತಿದ್ದ.

ಅವನ ಹೆಂಡತಿಗೆ ಒಬ್ಬಳು ಅಕ್ಕ. ತಾಯಿಯಿಲ್ಲದ ತಂಗಿಯನ್ನು ಎತ್ತಿ ಆಡಿಸಿ ದೊಡ್ಡವಳನ್ನಾಗಿ ಮಾಡಿದವಳು ಅವಳೇ. ಅಕ್ಕನ ಮನೆ ಗುಡ್ಡದ ಮೇಲಿನ ಹಳ್ಳಿಯಲ್ಲಿ. ಅಕ್ಕ ಹಾಸಿಗೆ ಹಿಡಿದಳು. ಕಣ್ಣು ಮುಚ್ಚುವ ಮೊದಲು ತಂಗಿಯ ಮುಖ ಒಮ್ಮೆ ನೋಡಬೇಕು ಎಂದು ಹೇಳಿಕಳುಹಿಸಿದಳು. ಫೋನಿನಲ್ಲಿ ಧ್ವನಿ ಸಿಗುತ್ತಿತ್ತು. ಅವಳಿಗೆ ಬೇಕಿದ್ದದ್ದು ಮುಖ.

ತಂಗಿಗೆ ಸೊಂಟದ ನೋವು. ಬಸ್ಸಿನ ಕುಲುಕಾಟ ಕೂಡದೆಂದು ಡಾಕ್ಟರು ಹೇಳಿದ್ದರು. ಬಸ್ಸು ಹೋಗುವುದೂ ಗುಡ್ಡದ ಬುಡದವರೆಗೆ ಮಾತ್ರ. ಮನೆಯಲ್ಲಿದ್ದದ್ದು ಒಂದು ಸ್ಕೂಟರ್. ಬಾಡಿಗೆ ಕಾರು ಮಾಡಿ ಎಂದು ಅವಳು ಗಂಡನನ್ನು ಬೇಡಿಕೊಂಡಳು.

"ಬಾಡಿಗೆ ಕಾರಲ್ಲಿ ಹೋಗಿ ಇಳಿದ್ರೆ ನಾಲ್ಕು ಜನ ಏನಂತಾರೆ? ಹೇಗೂ ಹೊಸ ಗಾಡಿ ತಗೋತಿದೀನಲ್ಲ. ಅದರಲ್ಲೇ ಹೋಗೋಣ, ಸ್ವಲ್ಪ ತಡಿ" ಎಂದ ವ್ಯಾಪಾರಿ.

ಅವನಿಗೆ ಎರಡು ಗಾಡಿಗಳು ಹಿಡಿಸಿದ್ದವು. ಎರಡೂ ಈಗಿನವರು ಎಸ್‌ಯುವಿ ಎನ್ನುವ ಜಾತಿಯವು. ನೋಡಲು ಎತ್ತರ, ಒಳಗೆ ಸಣ್ಣವು. ಒಂದರ ಎಂಜಿನ್ ಗಟ್ಟಿ, ಹಿಂದಿನ ಸೀಟು ಇಕ್ಕಟ್ಟು. ಇನ್ನೊಂದರ ಸೀಟು ಅಗಲ, ಆದರೆ ಏರಿನಲ್ಲಿ ಏದುಸಿರು. ವ್ಯಾಪಾರಿ ಎರಡರ ಬಾಗಿಲುಗಳನ್ನೂ ತೆರೆದು ಮುಚ್ಚಿ ಸದ್ದು ಕೇಳಿದ. ಬಾನೆಟ್ಟನ್ನು ಬೆರಳಿನಿಂದ ಬಡಿದ. ಡಿಕ್ಕಿಯಲ್ಲಿ ತಲೆ ತೂರಿಸಿದ. ಮೈಲೇಜ್ ಎಷ್ಟೆಂದು ಕೊಂಡವರನ್ನೆಲ್ಲ ವಿಚಾರಿಸಿದ. ಮೊದಲನೆಯದನ್ನು ಕೊಂಡವರು ಮೊದಲನೆಯದನ್ನು ಹೊಗಳಿದರು, ಎರಡನೆಯದನ್ನು ಕೊಂಡವರು ಎರಡನೆಯದನ್ನು. ತಾನು ಮಾಡಿದ ಖರ್ಚನ್ನು ತೆಗಳುವವನು ಯಾರಿದ್ದಾನೆ?

ಗುಡ್ಡ ಹತ್ತಿಸಿ ನೋಡದೆ ತೀರ್ಮಾನವಿಲ್ಲ ಎಂದುಕೊಂಡ. ಟೆಸ್ಟ್ ಡ್ರೈವಿಗೆ ಆ ಹಳ್ಳಿಯ ದಾರಿಯನ್ನೇ ಆರಿಸಿದ. ಹೆಂಡತಿಯನ್ನೂ ಕರೆದ. ಅವಳು ಒಳ್ಳೆಯ ಸೀರೆ ಉಟ್ಟಳು. ಅಕ್ಕನಿಗೆ ಇಷ್ಟವಾದ ಹುಣಸೆ ತೊಕ್ಕನ್ನು ಡಬ್ಬಿಗೆ ತುಂಬಿ ಮಡಿಲಲ್ಲಿಟ್ಟುಕೊಂಡು ಕೂತಳು. ಪಾಪ, ಅವಳಿಗೆ ತಿಳಿದಿರಲಿಲ್ಲ. ಹಿಂದೆ ಭಾರವಿದ್ದರೆ ಗಾಡಿ ಹೇಗೆ ಏರುತ್ತದೆ ಎಂದು ನೋಡಲು ಅವನು ಅವಳನ್ನು ಕೂರಿಸಿದ್ದ.

ಕೊನೆಯ ತಿರುವಿನಲ್ಲಿ ಅಕ್ಕನ ಮನೆಯ ಹೆಂಚು ಕಂಡಿತು. ವ್ಯಾಪಾರಿ ಅಲ್ಲಿಂದಲೇ ಗಾಡಿಯನ್ನು ಹಿಂದಕ್ಕೆ ತಿರುಗಿಸಿದ.

"ರೀ, ಮನೆ ಅಲ್ಲೇ ಕಾಣ್ತಿದೆ. ಒಂದು ಗಳಿಗೆ ಮುಖ ನೋಡಿ ಬಂದುಬಿಡ್ತೀನಿ."

"ಇದು ಪರರ ಗಾಡಿ ಕಣೇ. ನೋಡೋಕೆ ಕೊಟ್ಟಿದ್ದಾರೆ, ನೆಂಟರ ಮನೆಗೆ ಹೋಗೋಕಲ್ಲ. ಸ್ವಂತ ಗಾಡಿಗೆ ಹೂವಿನ ಹಾರ ಹಾಕ್ಕೊಂಡು ಬರೋಣ. ಆತುರಗಾರನಿಗೆ ಬುದ್ಧಿ ಮಟ್ಟ."

ಪಕ್ಕದಲ್ಲಿ ಕೂತಿದ್ದ ಶೋರೂಮಿನವನು, "ಹೋಗಿ ಬರಲಿ ಸಾರ್, ನಾನೇನೂ ಅನ್ನಲ್ಲ" ಎಂದ. ವ್ಯಾಪಾರಿ ಕೇಳಲಿಲ್ಲ. ಗಾಡಿ ಮಾರುವವನಿಗಿದ್ದ ಕರುಣೆ ಕಟ್ಟಿಕೊಂಡ ಗಂಡನಿಗಿರಲಿಲ್ಲ.

ಮರುದಿನ ಎರಡನೆಯ ಗಾಡಿ. ಅದೇ ಗುಡ್ಡ, ಅದೇ ತಿರುವು. ತೊಕ್ಕಿನ ಡಬ್ಬಿ ಅಂದೂ ಅವಳ ಮಡಿಲಲ್ಲಿತ್ತು. ಅವಳು ಏನನ್ನೂ ಕೇಳಲಿಲ್ಲ. ಮನೆಗೆ ಬಂದ ಮೇಲೆ ಅವನೇ ಕೇಳಿದ: "ಯಾವುದು ಚೆನ್ನಾಗಿ ಏರಿತು ಅಂತೀಯ?"

"ಎರಡೂ ಆ ತಿರುವಿನವರೆಗೆ ಏರಿದವು" ಎಂದಳು.

ಅದನ್ನು ಅವನು ಗಾಡಿಗಳ ಹೊಗಳಿಕೆ ಎಂದು ತಿಳಿದು ಮತ್ತೆ ತೂಗತೊಡಗಿದ. ಅಷ್ಟರಲ್ಲಿ ಆಷಾಢ ಬಂತು. ಆಷಾಢದಲ್ಲಿ ಗಾಡಿಯನ್ನು ಮನೆಗೆ ತರುವುದುಂಟೇ? ಶ್ರಾವಣಕ್ಕೆ ಕಾದ. ಶ್ರಾವಣದ ಶುಕ್ರವಾರ ಒಂದನ್ನು ಕೊಂಡ. ದೇವಸ್ಥಾನದ ಮುಂದೆ ನಿಲ್ಲಿಸಿ ಹಾರ ಹಾಕಿಸಿದ, ಚಕ್ರಕ್ಕೊಂದು ನಿಂಬೆಹಣ್ಣು ಇಡಿಸಿದ. ಅರ್ಚಕರು ಮಂಗಳಾರತಿ ಎತ್ತುತ್ತಿದ್ದಾಗ ಗುಡ್ಡದಿಂದ ಫೋನ್ ಬಂತು. ಅಕ್ಕ ತೀರಿಕೊಂಡಿದ್ದಳು.

ನಿಂಬೆಹಣ್ಣು ತುಳಿದು ಗಾಡಿ ಹೊರಟಿತು. ಈ ಸಲ ತಿರುವು ದಾಟಿತು. ಅವನು ಹೇಳಿದ್ದ ಹಾಗೆಯೇ ಹೂವಿನ ಹಾರದೊಡನೆ ಸಾವಿನ ಮನೆಯ ಮುಂದೆ ಹೋಗಿ ನಿಂತಿತು. ಊಟಕ್ಕಿಲ್ಲದ ಉಪ್ಪಿನಕಾಯಿ.

ನೆರೆಮನೆಯ ಮುದುಕಿ ತಂಗಿಯ ಕೈ ಹಿಡಿದುಕೊಂಡು ಅತ್ತಳು: "ಆಷಾಢಕ್ಕೆ ಮುಂಚೆ ಎರಡು ದಿನ ಆ ತಿರುವಿಗೆ ಕಾರು ಬಂದಿತ್ತು ಕಣಮ್ಮ. ಸದ್ದು ಕೇಳಿ, ನನ್ ತಂಗಿ ಬಂದ್ಲು, ಬಾಗಿಲು ತೆಗೀರಿ ಅಂತ ನಿಮ್ಮಕ್ಕ ಎದ್ದು ಕೂತಿದ್ಲು. ಎರಡು ದಿನಾನೂ ಕಾರು ವಾಪಸ್ ಹೋಯ್ತು. ಆಮೇಲೆ ಅವಳು ಬಾಗಿಲ ಕಡೆ ತಿರುಗಿ ಮಲಗಲೇ ಇಲ್ಲ."

ತಂಗಿ ಗಂಡನ ಮುಖ ನೋಡಿದಳು. ಅವನು ಹಾರ ಬಿಚ್ಚುವ ನೆಪದಲ್ಲಿ ಗಾಡಿಯ ಹತ್ತಿರ ಹೋದ.

ಸಂಸ್ಕಾರ ಮುಗಿಯಿತು. ವ್ಯಾಪಾರಿ ಹಿಂದಿನ ಬಾಗಿಲು ತೆರೆದು ಹಿಡಿದು ನಿಂತ. ಹೆಂಡತಿ ಆ ಕಡೆ ಬರಲಿಲ್ಲ. ಸೊಂಟಕ್ಕೆ ಕೈ ಕೊಟ್ಟುಕೊಂಡು ನಡೆದೇ ಗುಡ್ಡ ಇಳಿದಳು. ಬುಡದಲ್ಲಿ ಬಸ್ಸು ಹತ್ತಿದಳು. ಆ ಬಸ್ಸಿನ ಹಿಂದೆ ಹೊಸ ಗಾಡಿ ಪೇಟೆಯವರೆಗೂ ಖಾಲಿ ಸೀಟು ಹೊತ್ತುಕೊಂಡು ಬಂತು.

ಗುರು ಕತೆ ನಿಲ್ಲಿಸಿದರು. ಶಿಷ್ಯ ಕೇಳಿದ: "ಸ್ವಾಮಿ, ಕೊನೆಗೆ ಅವನು ಕೊಂಡದ್ದು ಆ ಎರಡರಲ್ಲಿ ಯಾವುದು?"

ಗುರು ಹೇಳಿದರು: "ಅಕ್ಕ ಸತ್ತಳೆಂದು ನಾನು ಹೇಳಿದೆ, ಗಾಡಿ ಯಾವುದೆಂದು ನೀನು ಕೇಳಿದೆ."