ಇಬ್ಬರ ಪೈಲವಾನ

“ಅಜ್ಜಾರ, ಹಡದವ್ರ ಹಕ್ಕು ದೊಡ್ಡದೋ, ಸಾಕಿದವ್ರ ಹಕ್ಕು ದೊಡ್ಡದೋ?”

ಮಠದ ಪಡಸಾಲೆಯಲ್ಲಿ ಗುರುಗಳ ಮುಂದೆ ಕೂತು ಹೀಗೆ ಕೇಳಿದವನು ರುದ್ರಗೌಡ. ಊರಿನ ಫುಟ್‌ಬಾಲ್ ಕ್ಲಬ್ಬಿನ ಅಧ್ಯಕ್ಷ. ತಾತನ ಕಾಲದಿಂದ ಮಠಕ್ಕೆ ನಡೆದುಕೊಳ್ಳುವ ಮನೆತನ ಅವನದು. ಬಿಡಿಸಲಾಗದ ಗಂಟು ಬಿದ್ದಾಗಲೆಲ್ಲ ಗುರುಗಳ ಹತ್ತಿರ ಬರುತ್ತಿದ್ದ.

“ಯಾರ ಮನಿ ಕೂಸಿನ ಜಗಳ ತಂದೀಯಪ್ಪಾ?” ಎಂದರು ಗುರುಗಳು.

“ಕೂಸಿಂದಲ್ರಿ, ನಮ್ಮ ಆಟಗಾರಂದು. ಐದು ವರ್ಷ ಉಣಿಸಿ ತಿನಿಸಿ ತಯಾರ ಮಾಡೇವಿ. ಬರೋ ಐತವಾರ ನಮ್ಮದು ಕೊನೀ ಪಂದ್ಯ. ಅಂವ ಇಲ್ಲಂದ್ರ ಕಪ್ಪಿನ ಆಸೆ ಬಿಡಬೇಕು. ಈಗ ದೇಶದ ತಂಡದವ್ರು ಪತ್ರ ಕಳಿಸ್ಯಾರ. ಗುರುವಾರ ಪರದೇಶದವ್ರ ಕೂಡ ಆಟ ಐತಿ, ಅಂವನ್ನ ಬಿಟ್ಟು ಕೊಡ್ರಿ ಅಂತಾರ. ಸಂಜಿಯೊಳಗ ನಾ ಉತ್ತರ ಬರೀಬೇಕು. ನನಗೊಂದು ದಾರಿ ಹೊಳದೈತ್ರಿ. ಗುರುವಾರ ಅಲ್ಲಿ ಆಡ್ಲಿ, ಐತವಾರ ಇಲ್ಲಿ ಆಡ್ಲಿ. ವಿಮಾನ ಅದಾವಲ್ಲ.”

ಗುರುಗಳು ಬಾಗಿಲ ಕಡೆ ನೋಡಿದರು. “ಜಗಲಿ ಮ್ಯಾಲ ಕುಂತಾಂವ ಯಾರು?”

“ಅಂವನ ರೀ. ಎಲ್ಲಿ ಹೋದ್ರೂ ಸಂಗಾತ ಕರಕೊಂಡು ಹೊಂಟೇನಿ. ಊರಾಗ ಬಿಟ್ಟು ಬಂದ್ರ ಅವ್ರು ಹಾರಿಸ್ಕೊಂಡು ಹೋದಾರು ಅಂತ ಅಂಜಿಕಿ.”

ಆಟಗಾರ ಜಗಲಿಯ ಕಂಬಕ್ಕೆ ಒರಗಿ, ಎಡಗಾಲು ಚಾಚಿ ಕೂತಿದ್ದ. ಮಠದ ಮೆಟ್ಟಿಲು ಹತ್ತುವಾಗ ಅವನು ಒಂದೊಂದು ಮೆಟ್ಟಿಲಿಗೂ ಎರಡೂ ಪಾದ ಊರಿ ತಡಮಾಡಿದ್ದ. ‘ಲಗೂನ ಬಾರೋ’ ಎಂದು ರುದ್ರಗೌಡ ಗದರಿಸಿದ್ದ. ಈಗ ಅದು ಗೌಡನ ನೆನಪಿನಲ್ಲೂ ಇರಲಿಲ್ಲ.

“ಹಂಗಾದ್ರ ಕೇಳು” ಎಂದು ಗುರುಗಳು ಒಂದು ಕತೆ ಹೇಳಿದರು. ಆ ಕತೆ ಇದು.

ಒಂದು ಪೇಟೆಯಲ್ಲಿ ಒಬ್ಬ ವ್ಯಾಪಾರಿ ಇದ್ದ. ಅವನಿಗೆ ಮಕ್ಕಳಿದ್ದರು, ಗಾಣಗಳಿದ್ದವು, ಊರಲ್ಲಿ ಮರ್ಯಾದೆಯೂ ಇತ್ತು. ಆದರೆ ಅವನ ಎದೆ ಉಬ್ಬುತ್ತಿದ್ದದ್ದು ಗಾಣದ ಹಿಂದೆ ಅವನು ಕಟ್ಟಿಸಿದ್ದ ಗರಡಿಮನೆಯ ಮಾತು ಬಂದಾಗ ಮಾತ್ರ.

ಒಮ್ಮೆ ಬಾವಿ ತೋಡುವಲ್ಲಿ ಅವನು ಒಬ್ಬ ಕೂಲಿಯವನನ್ನು ಕಂಡ. ನಾಲ್ಕು ಜನ ಹಗ್ಗ ಹಾಕಿ ಎಳೆಯಬೇಕಾದ ಕಲ್ಲನ್ನು ಅವನೊಬ್ಬನೇ ಎದೆಗೆ ಅವಚಿಕೊಂಡು ಮೇಲೆ ತಂದ. ವ್ಯಾಪಾರಿ ಅವನನ್ನು ಗರಡಿಗೆ ಕರೆತಂದು ಪೈಲವಾನನನ್ನಾಗಿ ಮಾಡಿದ. ಎರಡು ಎಮ್ಮೆಗಳ ಹಾಲು ಅವನಿಗೇ ಮೀಸಲು. ಬಾದಾಮಿ, ತುಪ್ಪ, ಪಟ್ಟು ಕಲಿಸಲು ಒಬ್ಬ ಉಸ್ತಾದ. ಪೈಲವಾನ ಹಾಲಿನ ಚೆಂಬು ಬರಿದು ಮಾಡುವ ತನಕ ವ್ಯಾಪಾರಿ ಎದುರಿಗೇ ನಿಂತಿರುತ್ತಿದ್ದ. ತನ್ನ ಮಕ್ಕಳು ಉಂಡರೋ ಬಿಟ್ಟರೋ ಎಂದು ಕೇಳಿದವನಲ್ಲ. ಅದು ಪ್ರೀತಿಯಲ್ಲ ಎನ್ನುವಂತಿಲ್ಲ. ಹೋರಿ ಸಾಕಿದವರಿಗೂ ಹೋರಿಯ ಮೇಲೆ ಪ್ರೀತಿ ಇರುತ್ತದೆ.

ಆರು ವರ್ಷ ಕಳೆಯುವುದರೊಳಗೆ ಆ ಪೈಲವಾನನ ಬೆನ್ನಿಗೆ ಮಣ್ಣು ಹತ್ತಿಸುವವರು ಸುತ್ತಿನ ಯಾವ ಪೇಟೆಯಲ್ಲೂ ಉಳಿಯಲಿಲ್ಲ.

ಆ ಸೀಮೆಯ ಗರಡಿಗಳಿಗೆ ಒಂದು ಕಟ್ಟಳೆ ಇತ್ತು. ಕಣ ಯಾರದೋ ಮದ್ದು ಅವರದು. ಯಾರು ಏರ್ಪಡಿಸಿದ ಕುಸ್ತಿಯಲ್ಲಿ ಪೈಲವಾನನಿಗೆ ಪೆಟ್ಟಾಯಿತೋ ಅವರೇ ವೈದ್ಯನಿಂದ ಕಟ್ಟು ಹಾಕಿಸಬೇಕು, ದಿನ ತುಂಬಿದ ಮೇಲೆ ಅವರೇ ಬಿಚ್ಚಿಸಬೇಕು. ಮಿಕ್ಕವರು ಆ ಕಟ್ಟನ್ನು ಮುಟ್ಟುವಂತಿಲ್ಲ. ಪೆಟ್ಟು ತಿಂದವನು ದಿಕ್ಕಿಲ್ಲದವನಾಗಬಾರದು ಎಂದು ಹಿರಿಯರು ಮಾಡಿದ ಕಟ್ಟಳೆ ಅದು. ಒಳ್ಳೆಯ ಕಟ್ಟಳೆಯೇ. ಆದರೆ ಕಟ್ಟಳೆ ಮಾಡುವವರು ಹಿರಿಯರು, ಅದನ್ನು ಬಳಸುವವರು ನಾವು.

ಹೀಗಿರುವಾಗ ನೆರೆನಾಡಿನ ಒಬ್ಬ ಮಹಾ ಪೈಲವಾನ ಬಂದು ಈ ನಾಡಿನ ದೊರೆಗೆ ಸವಾಲು ಹಾಕಿದ. ಕೋಟೆಯಲ್ಲಿ ಅವನ ಎದುರು ನಿಲ್ಲುವವರು ಇರಲಿಲ್ಲ. ದೊರೆಯ ಅಧಿಕಾರಿ ವ್ಯಾಪಾರಿಯ ಮನೆಗೆ ಬಂದು, ಪೈಲವಾನನನ್ನು ಕಳಿಸು ಎಂದ. ಅದೇ ವಾರ ವ್ಯಾಪಾರಿಯ ಗರಡಿಗೂ ಪಕ್ಕದ ಪೇಟೆಯ ಗರಡಿಗೂ ಕುಸ್ತಿ ನಿಗದಿಯಾಗಿತ್ತು. ಅದಕ್ಕಾಗಿ ವ್ಯಾಪಾರಿ ಒಂದು ವರ್ಷದಿಂದ ಮೀಸೆ ತೀಡುತ್ತಿದ್ದ.

“ಉಣಿಸಿದಾಂವ ನಾನ್ರಿ” ಎಂದ ವ್ಯಾಪಾರಿ. “ಎಮ್ಮಿ ನಂದು, ಹಾಲು ನಂದು, ಗರಡಿ ನಂದು. ಆರು ವರ್ಷದಾಗ ದೊರಿಗಳು ಒಂದು ದಿನನಾದ್ರೂ ಈ ಕಡೆ ಹಣಿಕಿ ಹಾಕ್ಯಾರೇನು?”

“ನಿನ್ನ ಎಮ್ಮಿ ಮೇದ ಹುಲ್ಲು ಯಾರ ನಾಡಿಂದು? ಕುಡದ ನೀರು ಯಾರ ಕೆರೀದು?” ಎಂದ ಅಧಿಕಾರಿ. “ನಾಡಿನ ಮಾನ ಹೋದಮ್ಯಾಲ ನಿನ್ನ ಗರಡಿ ಇಟ್ಕೊಂಡು ಏನ ಮಾಡ್ತಿ?”

ಇಬ್ಬರೂ ನ್ಯಾಯವನ್ನೇ ಆಡುತ್ತಿದ್ದರು. ಕೇಡು ಇದ್ದದ್ದು ಅಲ್ಲೇ. ಒಬ್ಬನದಾದರೂ ಅನ್ಯಾಯವಾಗಿದ್ದರೆ ಜಗಳ ಬೇಗ ಹರಿಯುತ್ತಿತ್ತು.

ಪೈಲವಾನ ಅಲ್ಲೇ ಬಾಗಿಲಲ್ಲಿ ನಿಂತಿದ್ದ. ಬಲಗೈಯಿಂದ ಎಡಭುಜ ಹಿಡಿದುಕೊಂಡಿದ್ದ. “ಯಜಮಾನ್ರ, ನಂದೊಂದು ಮಾತಿತ್ತು” ಎಂದ.

“ನೀ ಹಾಲು ಕುಡಿ” ಎಂದ ವ್ಯಾಪಾರಿ. “ಮಾತಾಡಾಕ ನಾವು ಅದೇವಿ.”

ಪೈಲವಾನ ಹಾಲು ಕುಡಿದ.

ಊರ ಹಿರಿಯರು ನಡುವೆ ಬಂದು ರಾಜಿ ಮಾಡಿಸಿದರು. ಸೋಮವಾರ ದೊರೆಯ ಕಣದಲ್ಲಿ ಕುಸ್ತಿ, ಶುಕ್ರವಾರ ವ್ಯಾಪಾರಿಯ ಕಣದಲ್ಲಿ. ಕೋಟೆಯಿಂದ ಪೇಟೆಗೆ ಗಾಡಿಯಲ್ಲಿ ಎರಡು ದಿನದ ದಾರಿ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ಮಾಡಿದ ಒಪ್ಪಂದ. ದೊರೆಗೆ ಸಮಾಧಾನವಾಯಿತು, ವ್ಯಾಪಾರಿಗೂ ಸಮಾಧಾನವಾಯಿತು. ಎಂಥ ಜಾಣತನದ ತೀರ್ಮಾನ ಎಂದು ಜನ ಹಿರಿಯರನ್ನು ಹೊಗಳಿದರು.

ಕೋಟೆಯಲ್ಲಿ ಕಣಕ್ಕೆ ಇಳಿಯುವ ಮೊದಲು ಪೈಲವಾನ ಅಧಿಕಾರಿಯ ಮುಂದೆ ಇನ್ನೊಮ್ಮೆ ಬಾಯಿ ತೆರೆದ. “ಸಾಹೇಬ್ರ, ಒಂದು ಮಾತು...”

“ಪೈಲವಾನ ಆದಾಂವ ತೊಡಿ ತಟ್ಟಬೇಕು, ಮಾತು ಹಚ್ಚಬಾರ್ದು” ಎಂದ ಅಧಿಕಾರಿ. ಸುತ್ತ ನಿಂತವರು ನಕ್ಕರು.

ಪೈಲವಾನ ತೊಡೆ ತಟ್ಟಿದ. ಗೆದ್ದೂ ಬಿಟ್ಟ. ನೆರೆನಾಡಿನವನನ್ನು ಎತ್ತಿ ಒಗೆಯುವಾಗ ಅವನ ಎಡಭುಜದ ಕೀಲು ಕಳಚಿತು. ಜನ ಕೂಗಿದರು, ಹಲಗೆ ಬಾರಿಸಿದರು. ದೊರೆ ಇಳಿದು ಬಂದು ಶಾಲು ಹೊದಿಸಿದ. ಶಾಲಿನ ಕೆಳಗೆ ತೋಳು ಜೋತುಬಿದ್ದದ್ದು ಯಾರಿಗೂ ಕಾಣಲಿಲ್ಲ. ಆಮೇಲೆ ದೊರೆಯ ವೈದ್ಯ ಬಂದ. ಹೊರಗೆ ವ್ಯಾಪಾರಿಯ ಗಾಡಿ ಕಾಯುತ್ತಿತ್ತು. ಅವಸರದಲ್ಲಿ ಕೀಲು ಕೂಡಿಸಿ ಕಟ್ಟು ಹಾಕಿದ. ಹತ್ತನೆಯ ದಿನ ತಾನೇ ಬಿಚ್ಚಿ ನೋಡಬೇಕು, ಅಲ್ಲಿಯ ತನಕ ತೋಳು ಅಲುಗಬಾರದು ಎಂದ. ಗಾಡಿಯವನು ಹೂಂ ಎಂದ. ಗಾಡಿ ಹೊರಟಿತು.

ಪೇಟೆಯಲ್ಲಿ ಕಟ್ಟು ನೋಡಿದ ವ್ಯಾಪಾರಿಯ ಮುಖ ಕಪ್ಪಿಟ್ಟಿತು. “ಇದೆಲ್ಲಾ ದೊರಿಗಳ ಆಟ. ತಮ್ಮ ಕೆಲಸ ಮುಗೀತು. ಇಲ್ಲದ ನೋವಿಗೆ ಕಟ್ಟು ಹಾಕಿ ಕಳಿಸ್ಯಾರ, ನನ್ನ ಕುಸ್ತಿ ಕೆಡಸಾಕ” ಎಂದ. ಉಸ್ತಾದ ಮುದುಕ, ಎಷ್ಟೋ ಭುಜ ನೋಡಿದವನು. ಒಮ್ಮೆ ಬಿಚ್ಚಿ ನೋಡೋಣ ಎಂದ. ಕಟ್ಟಳೆ ಬಿಡಲಿಲ್ಲ. ಆ ಕಟ್ಟು ದೊರೆಯದು, ಪೇಟೆಯವರು ಮುಟ್ಟಬಾರದು. ಬಿಚ್ಚಿದರೆ ಆಮೇಲೆ ಬರುವ ಹೊಣೆಯೆಲ್ಲ ನಮ್ಮ ತಲೆಗೆ ಎಂದು ವ್ಯಾಪಾರಿ ಲೆಕ್ಕ ಹಾಕಿದ.

ಶುಕ್ರವಾರ ಪೈಲವಾನ ಕಟ್ಟಿನ ಸಮೇತ ಕಣಕ್ಕೆ ಇಳಿದ. ಎದುರಾಳಿ ದಡ್ಡನಲ್ಲ, ಬಂದವನೇ ಆ ತೋಳನ್ನೇ ಹಿಡಿದ. ಎಲುಬು ಮುರಿದ ಸದ್ದು ಕೊನೆಯ ಸಾಲಿನವರಿಗೂ ಕೇಳಿಸಿತು. ಹಾವು ಸಾಯಲಿಲ್ಲ, ಕೋಲು ಮುರಿಯಲಿಲ್ಲ. ಮುರಿದದ್ದು ಅವನ ತೋಳು.

ಮೊದಲ ಪೆಟ್ಟು ದೊರೆಯ ಕಣದಲ್ಲಿ ಆದದ್ದು, ಕಟ್ಟೂ ದೊರೆಯದೇ, ಮದ್ದೂ ಅವರದೇ ಎಂದು ವ್ಯಾಪಾರಿ ಅವನನ್ನು ಕೋಟೆಗೆ ಕಳಿಸಿದ. ನಾವು ಕೂಡಿಸಿ ಕಳಿಸಿದ್ದೆವು, ಮುರಿದದ್ದು ನಿನ್ನ ಕಣದಲ್ಲಿ, ಮದ್ದು ನಿನ್ನದು ಎಂದು ಕೋಟೆಯವರು ಹಿಂದಕ್ಕೆ ಕಳಿಸಿದರು. ಕುಲುಕುವ ಗಾಡಿಯಲ್ಲಿ ಅವನು ಎರಡು ಸಲ ಹೋದ, ಎರಡು ಸಲ ಬಂದ. ಮೂರನೆಯ ಸಲ ನಡುದಾರಿಯ ಛತ್ರದ ಮುಂದೆ ಗಾಡಿಯಿಂದ ಇಳಿದು, ಇನ್ನು ನಾನು ಎಲ್ಲಿಗೂ ಬರುವುದಿಲ್ಲ ಎಂದು ಕೂತುಬಿಟ್ಟ.

ಮರ್ಯಾದೆಗೆ ಅಂಜಿ ಎರಡೂ ಕಡೆಯವರು ಅಲ್ಲಿಗೇ ವೈದ್ಯರನ್ನು ಕಳಿಸಿದರು. ಇಬ್ಬರೂ ಬಲ್ಲವರು. ಒಬ್ಬ ಪೈಲವಾನನ ಈ ಪಕ್ಕ ಕೂತ, ಇನ್ನೊಬ್ಬ ಆ ಪಕ್ಕ ಕೂತ. ನೀನು ಬಿಚ್ಚು ಎಂದ ಇವನು. ನೀನೇ ಬಿಚ್ಚು ಎಂದ ಅವನು. ಮೊದಲು ಕೈ ಹಚ್ಚಿದವನ ಯಜಮಾನ ತಪ್ಪು ಒಪ್ಪಿಕೊಂಡ ಹಾಗೆ ಆಗುತ್ತಿತ್ತು. ಕೋಟೆಗೂ ಪೇಟೆಗೂ ಓಲೆಗಳು ಓಡಾಡಿದವು. ಕಟ್ಟಳೆ ಬಲ್ಲ ಪಂಡಿತರು ಕೂತು ವಾದಿಸಿದರು. ಹೀಗೆ ನಲವತ್ತು ದಿನ ಕಳೆಯಿತು. ಎಲುಬಿಗೆ ಕಟ್ಟಳೆ ಗೊತ್ತಿಲ್ಲ. ಅದು ತನಗೆ ತಿಳಿದ ಹಾಗೆ ಸೊಟ್ಟಗೆ ಕೂಡಿಕೊಂಡಿತು.

ತೋಳು ಇನ್ನು ಎದೆಯಿಂದ ಮೇಲೆ ಏಳುವುದಿಲ್ಲ ಎಂಬ ಸುದ್ದಿ ಎರಡೂ ಕಡೆ ಮುಟ್ಟಿತು. ಒಂದೇ ದಿನ ಎರಡು ಓಲೆ ಬಂದವು. ಪೈಲವಾನನಿಗೆ ಓದು ಬಾರದು, ಛತ್ರದವನು ಓದಿ ಹೇಳಿದ. ‘ಅವನು ನಾಡಿನ ಸೊತ್ತು. ನಾಡು ದೊಡ್ಡದು, ನಾನು ಅಡ್ಡ ಬರುವುದಿಲ್ಲ, ದೊರೆಗಳೇ ಇಟ್ಟುಕೊಳ್ಳಲಿ’ ಎಂದು ವ್ಯಾಪಾರಿ ಬರೆಸಿದ್ದ. ‘ಸಾಕಿದವರ ಹಕ್ಕೇ ದೊಡ್ಡದು, ಅದನ್ನು ಕಸಿಯುವುದು ಅರಸು ಧರ್ಮವಲ್ಲ, ವ್ಯಾಪಾರಿಯೇ ಇಟ್ಟುಕೊಳ್ಳಲಿ’ ಎಂದು ದೊರೆ ಬರೆಸಿದ್ದ. ಬಿಡೆನು ಎಂದವರು ಇಬ್ಬರೂ ಬಿಟ್ಟುಕೊಟ್ಟರು.

ಪೈಲವಾನನಿಗೆ ಮತ್ತೆ ಬಾವಿ ತೋಡಲು ಆಗಲಿಲ್ಲ. ಅವನು ಛತ್ರದಲ್ಲೇ ಉಳಿದ. ಹಗ್ಗವನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು ಒಂದು ಕೈಯಲ್ಲಿ ನೀರು ಸೇದಿ ದಾರಿಹೋಕರಿಗೆ ಕೊಡುತ್ತಿದ್ದ. ದೊರೆಯ ದಂಡು ಅಲ್ಲಿ ನೀರು ಕುಡಿದು ಹೋಗುತ್ತಿತ್ತು. ವ್ಯಾಪಾರಿಯ ಎಣ್ಣೆ ಗಾಡಿಗಳೂ ನಿಂತು ಹೋಗುತ್ತಿದ್ದವು. ಯಾರೂ ಅವನ ಗುರುತು ಹಿಡಿಯಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು.

ರುದ್ರಗೌಡನ ಕೈ ಜೇಬಿನ ಪತ್ರದ ಮೇಲಿತ್ತು. ಕತೆಯ ವ್ಯಾಪಾರಿಯ ಮೇಲೆ ಅವನಿಗೆ ಸಿಟ್ಟು ಬಂದಿತ್ತು. ದೊರೆಯ ಮೇಲೆ ಇನ್ನೂ ಹೆಚ್ಚು ಸಿಟ್ಟು ಬಂದಿತ್ತು. ಆದರೆ ಬೇರೆ ಏನೋ ಒಂದು ಅವನನ್ನು ಚುಚ್ಚುತ್ತಿತ್ತು. ಕೇಳದೆ ಇರಲಾಗಲಿಲ್ಲ.

“ಅಜ್ಜಾರ, ಆ ಪೈಲವಾನ ಎರಡು ಸಲ ಬಾಯಿ ತಗದನಲ್ರಿ. ಯಾರೂ ಅಂವಗ ಮಾತಾಡಗೊಡಲಿಲ್ಲ. ಅಂವ ಏನ ಹೇಳಾಂವ ಇದ್ದ?”

“ನನಗೇನ ಗೊತ್ತಪ್ಪಾ? ಅಲ್ಲೇ ಜಗಲಿ ಮ್ಯಾಲ ಕುಂತಾನಲ್ಲ, ಹೋಗಿ ಕೇಳು.”