ಬೆಲ್ಲ ಬಿಟ್ಟ ಅಣ್ಣ

"ಅಜ್ಜಾರ, ನಮ್ಮಪ್ಪಗ ಸಕ್ಕರಿ ಬ್ಯಾನಿ ಐತ್ರಿ. ಬಾಯಿ ಕಟ್ಟೂದಿಲ್ಲ. ನನ್ನ ನೋಡಿ ಕಲೀಲಿ ಅಂತ ನಾನೂ ಸಿಹಿ, ಅನ್ನ, ಎಲ್ಲಾ ಬಿಟ್ಟೀನ್ರಿ. ಆದ್ರ ಅಂವ ನನ್ನ ಕಡೆ ಹೊಳ್ಳಿ ಸುದ್ದಾ ನೋಡೂದಿಲ್ಲ. ಇನ್ನೇನ್ ಮಾಡ್ಲಿ?" ಎಂದು ಶಿಷ್ಯ ಮುರಿಗೆಪ್ಪ ಮಠದ ಗುರುಗಳನ್ನು ಕೇಳಿದ.

ಗುರುಗಳು ಕೇಳಿದ್ದಕ್ಕೆ ನೇರವಾಗಿ ಉತ್ತರ ಕೊಡುವವರಲ್ಲ. ಒಂದು ಕತೆ ಹೇಳಿದರು.

ಒಂದು ಪೇಟೆಯಲ್ಲಿ ಅಣ್ಣ ತಮ್ಮ ಇಬ್ಬರು ಬೆಲ್ಲದ ವ್ಯಾಪಾರಿಗಳು. ಮನೆ ಒಂದೇ, ಅಂಗಡಿ ಒಂದೇ, ಇನ್ನೂ ಪಾಲಾಗಿರಲಿಲ್ಲ. ಬೆಲ್ಲದ ಗಾಡಿ ಬಂದಾಗ ಪ್ರತಿ ಪೆಂಟೆಯ, ಅಂದರೆ ದೊಡ್ಡ ಅಚ್ಚಿನ, ಮೂಲೆ ಮುರಿದು ಬಾಯಿಗೆ ಹಾಕಿಕೊಂಡು ದರ ಹೇಳುವುದು ಆ ಪೇಟೆಯ ಪದ್ಧತಿ. ಇಬ್ಬರೂ ಹಾಗೆ ತಿಂದು ತಿಂದು ದುಂಡಗಾಗಿದ್ದರು. ತಮ್ಮನಂತೂ ರುಚಿ ನೋಡುವ ನೆವದಲ್ಲಿ ಊಟವನ್ನೇ ಮುಗಿಸುತ್ತಿದ್ದ.

ಒಂದು ದಿನ ಅಣ್ಣ ಬೆಲ್ಲ ಬಾಯಿಗೆ ಹಾಕಲಿಲ್ಲ. ಮುರಿದ, ಮೂಸಿದ, ಬೆಳಕಿಗೆ ಹಿಡಿದ, ದರ ಹೇಳಿದ. ಮನೆಗೆ ಬಂದು ನಾಲ್ಕು ರೊಟ್ಟಿ ಉಣ್ಣುವವನು ಎರಡಕ್ಕೇ ಕೈ ತೊಳೆದ. ಮಧ್ಯಾಹ್ನ ಚೀಲದ ಮೇಲೆ ಮಲಗುವುದನ್ನು ಬಿಟ್ಟ. ಬೆಳಗಾದರೆ ಗುಡ್ಡದ ಬಾವಿಯ ತನಕ ನಡೆದು ಬರತೊಡಗಿದ. ಯಾರಿಗೂ ಕಾರಣ ಹೇಳಲಿಲ್ಲ.

ತಮ್ಮನ ತಲೆಯಲ್ಲಿ ಹುಳ ಬಿಟ್ಟಂತಾಯಿತು. ಅಣ್ಣ ಬೇರೆ ಕಡೆ ಉಂಡು ಬರುತ್ತಿರಬೇಕು ಎಂದುಕೊಂಡ. ಆದರೆ ಹಾಗೆ ಉಂಡವನು ದಪ್ಪಗಾಗಬೇಕು, ಇವನು ಇಳಿಯುತ್ತಿದ್ದಾನೆ. ಹಾಗಾದರೆ ಯಾವುದೋ ಕಾಯಿಲೆ ಮುಚ್ಚಿಡುತ್ತಿರಬೇಕು ಎಂದುಕೊಂಡ. ಕಾಯಿಲೆಯವನ ಮುಖ ಬಾಡಬೇಕು. ಇವನು ಹಸಿ ಉಳ್ಳಾಗಡ್ಡಿಯನ್ನು ಕಲ್ಲುಸಕ್ಕರೆಯಂತೆ ಸವಿಯುತ್ತಾನೆ, ಬಾವಿಯಿಂದ ಬರುವಾಗ ಹಾಡು ಗುನುಗುತ್ತಾನೆ. ಪಥ್ಯ ಮಾಡುವವನು ಇಷ್ಟು ಖುಷಿಯಾಗಿರುವುದುಂಟೆ?

ಪರೀಕ್ಷೆ ಮಾಡೋಣವೆಂದು ತಮ್ಮ ಹೊಸ ಬೆಲ್ಲದ ದೊಡ್ಡ ತುಂಡೊಂದನ್ನು ಅಣ್ಣನ ಮುಂದಿಟ್ಟ. ಅಣ್ಣ ಮೂಸಿ, ಆಹಾ ಎಂದು, ಕೊಳ್ಳಲು ಬಂದ ಮುದುಕಿಯ ಸೆರಗಿಗೆ ಹಾಕಿದ. ತಮ್ಮನ ಅನುಮಾನ ಇನ್ನಷ್ಟು ಬಲಿಯಿತು.

ಕೊನೆಗೆ ಒಂದು ಮಧ್ಯಾಹ್ನ ಅವನಿಗೆ ಹೊಳೆದೇಬಿಟ್ಟಿತು. ಅಣ್ಣನ ಮಕ್ಕಳು ಮೀಸೆ ಬಂದವರು. ತನ್ನವು ಇನ್ನೂ ಅಂಗಳದಲ್ಲಿ ಆಡುವ ಕೂಸುಗಳು. ತಾನು ಮೊದಲು ಕಣ್ಣು ಮುಚ್ಚಿದರೆ ಅಂಗಡಿ ಅಣ್ಣನದು, ತನ್ನ ಮಕ್ಕಳು ಅಲ್ಲಿ ಚೀಲ ಹೊರುವವರು. ಅಣ್ಣ ತನಗಿಂತ ಹೆಚ್ಚು ಬದುಕಲು ಹೊಂಚು ಹಾಕಿದ್ದಾನೆ! ಆಯುಷ್ಯದಲ್ಲೂ ಮೋಸ ನಡೆಯುತ್ತದೆಂದು ಲೆಕ್ಕ ಹಾಕಿದ ಮೊದಲ ವ್ಯಾಪಾರಿ ಅವನೇ ಇರಬೇಕು.

ಬಿಡುವವನೆ? ಅಣ್ಣ ಎರಡು ರೊಟ್ಟಿಗೆ ಎದ್ದರೆ ತಾನೂ ಎರಡಕ್ಕೇ ಎದ್ದ. ಅಣ್ಣ ಬೆಲ್ಲ ಮೂಸಿದರೆ ತಾನೂ ಮೂಸಿದ, ನಾಲಿಗೆ ಮಾತ್ರ ಹಲ್ಲಿನ ಹಿಂದೆ ಒದ್ದಾಡುತ್ತಿತ್ತು. ಬೆಳಿಗ್ಗೆ ಕಳ್ಳನ ಹಾಗೆ ಅಣ್ಣನ ಹಿಂದೆ ಗುಡ್ಡ ಹತ್ತಿದ. ಮೊದಮೊದಲು ಅರ್ಧದಲ್ಲೇ ಏದುಸಿರು ಬಂದು ಕಲ್ಲಿನ ಮೇಲೆ ಕೂರುತ್ತಿದ್ದ. ಆಗ ಮುಂದೆ ಹೋಗುತ್ತಿದ್ದ ಅಣ್ಣನೂ ನಿಂತು ಚಪ್ಪಲಿಯ ಮುಳ್ಳು ತೆಗೆಯುತ್ತಿದ್ದ. ತಮ್ಮ ಏಳುವ ತನಕ ಆ ಮುಳ್ಳು ಬರುತ್ತಿರಲಿಲ್ಲ. ನನ್ನ ಬಲವೆಷ್ಟೆಂದು ಅಳೆಯುತ್ತಿದ್ದಾನೆ ಎಂದು ತಮ್ಮ ಹಲ್ಲು ಕಡಿದ.

ಮಳೆಗಾಲ ಹೋಗಿ ಚಳಿಗಾಲ ಬಂತು. ತಮ್ಮನ ಧೋತರ ಸಡಿಲಾಯಿತು. ಮತ್ತೆ ಮತ್ತೆ ಬಾಯಾರುವುದು ನಿಂತಿತು. ಕಾಲಿನಲ್ಲಿ ಬಹಳ ದಿನದಿಂದ ಒಸರುತ್ತಿದ್ದ ಹುಣ್ಣು ಒಣಗಿತು. ಇದು ಯಾವುದನ್ನೂ ಅವನು ಗಮನಿಸಲಿಲ್ಲ, ಅವನ ಕಣ್ಣೆಲ್ಲ ಅಣ್ಣನ ಮೇಲೆ. ತಾನು ಇಷ್ಟು ಮಾಡಿದರೂ ಅಣ್ಣನೇ ಮುಂದಿದ್ದಾನೆ, ಪೇಟೆಯ ವೈದ್ಯ ಏನೋ ಗುಟ್ಟಿನ ಮದ್ದು ಕೊಡುತ್ತಿರಬೇಕು ಎಂದುಕೊಂಡು ವೈದ್ಯನ ಮನೆಗೇ ನುಗ್ಗಿದ.

"ನಮ್ಮಣ್ಣಗ ಏನ್ ಮದ್ದು ಕೊಡಾಕತ್ತೀರಿ? ಖರೇ ಹೇಳ್ರಿ."

"ನಿಮ್ಮಣ್ಣಗ ಮದ್ದು ಯಾಕ ಬೇಕೋ? ಅಂವ ಕಲ್ಲು ತಿಂದು ಕರಗಸಾಂವ," ಎಂದ ವೈದ್ಯ. "ಬ್ಯಾನಿ ಇದ್ದದ್ದು ನಿನಗ. ಅಂಗಡಿಗೆ ಬಂದಾಗ ನಿನ್ನ ಕಾಲಿನ ಹುಣ್ಣು ನೋಡಿದ್ದೆ. ಹಿಂಗ ತಿಂದ್ರ ನಿನ್ನ ತಮ್ಮ ಇನ್ನೊಂದು ವರ್ಷ ಕಾಣೂದಿಲ್ಲ ಅಂತ ನಿಮ್ಮಣ್ಣಗ ಹೇಳಿದೆ. ‘ನನ್ನ ತಮ್ಮ ಯಾರ ಮಾತೂ ಕೇಳಾಂವಲ್ಲ, ನಾನ ಏನರ ಮಾಡ್ತೀನಿ’ ಅಂದು ಎದ್ದು ಹೋದ." ಹೀಗೆನ್ನುತ್ತ ವೈದ್ಯ ತಮ್ಮನ ನಾಡಿ ಹಿಡಿದು ನೋಡಿದ. ಹುಬ್ಬೇರಿಸಿದ. "ಏನ್ ಮಾಡಿದ್ನೋ ಮಾರಾಯ? ನಾಡಿ ಛಲೋ ಆಗೇತಲ್ಲ!"

ತಮ್ಮ ವೈದ್ಯನ ಮನೆಯ ಕಟ್ಟೆಯ ಮೇಲೆ ಕುಳಿತು ನಾಚಿಕೆಯಿಂದ ಅತ್ತ. ತನ್ನ ಸಾವನ್ನು ಕಾಯುತ್ತಿದ್ದಾನೆಂದು ಯಾರನ್ನು ಇಷ್ಟು ದಿನ ಮನಸ್ಸಿನಲ್ಲೇ ಬೈದಿದ್ದನೋ ಅವನೇ ತನ್ನ ಜೀವ ಕಾಯುತ್ತಿದ್ದ. ಮನೆಗೆ ಬಂದಾಗ ಅಣ್ಣ ಊಟಕ್ಕೆ ಕೂತಿದ್ದ. ತಮ್ಮ ಕೈ ತೊಳೆದು ಬಂದು ನಿಂತ. ಅಣ್ಣ ಸ್ವಲ್ಪ ಸರಿದು ಪಕ್ಕದಲ್ಲಿ ಜಾಗ ಮಾಡಿದ.

ಗುರುಗಳು ಕತೆ ನಿಲ್ಲಿಸಿದರು. ಮುರಿಗೆಪ್ಪನಿಗೆ ಸಮಾಧಾನವಾಗಲಿಲ್ಲ. ಕತೆ ತನ್ನನ್ನು ಹೊಗಳುತ್ತಿದೆಯೋ ಬೈಯುತ್ತಿದೆಯೋ ಎಂದು ಅವನಿಗೇ ಈಗ ಅನುಮಾನ ಶುರುವಾಗಿತ್ತು.

"ನಾನೂ ಅದನ್ನ ಮಾಡಾಕತ್ತೀನಲ್ರಿ ಅಜ್ಜಾರ? ದಿನಾ ಅಪ್ಪನ ಎದುರಿಗೇ ಕೂತು ಸಪ್ಪನ ಊಟ ಉಣ್ತೀನಿ. ಅಂವಗ ಅನುಮಾನ ಸುದ್ದಾ ಬರವಲ್ದು!"

ಗುರುಗಳು ಅವನ ಮುಖ ನೋಡಿ ನಕ್ಕರು.

"ಮುರಿಗೆಪ್ಪಾ, ನೀ ಉಣ್ಣೂ ಮುಂದ ನಿನ್ನ ಜೋಲು ಮಾರಿ ನೋಡಿದ್ರ, ನನಗ ಎರಡು ಹೋಳಗಿ ತಿನ್ನಬೇಕು ಅನಸ್ತೈತಿ."