ಕಣ್ಣು ಕಟ್ಟಿದ ಮೇಲೆ ಎದ್ದ ಕಾಯಿ

ಪಟೇಲರ ಹೊಸ ಬಾವಿಗೆ ನೀರು ನೋಡಲು ಕೆಂಚಪ್ಪ ಬಂದಿದ್ದ. ನೆಲದಡಿ ನೀರಿದ್ದ ಕಡೆ ಅಂಗೈ ಮೇಲಿನ ಕಾಯಿ ತಾನಾಗಿ ಏಳುತ್ತದೆ ಅನ್ನೋದು ಅವನ ಮಾತು. ಅವನ ಅಂಗೈ ಮೇಲೆ ಮಲಗಿದ್ದ ತೆಂಗಿನಕಾಯಿ ನೇಕಾರರ ಸಾಕಮ್ಮನ ಮನೆಯೊಳಗೆ, ಮಗ್ಗದ ಪಕ್ಕದಲ್ಲೇ ಸಟ್ಟನೆ ಎದ್ದು ನಿಂತಿತು.

"ಇಲ್ಲೇ ನೀರು! ಮನೆ ಕೆಡವ್ರೋ," ಅಂದರು ಪಟೇಲರು. ಆಳುಗಳು ಗುದ್ದಲಿ ಎತ್ತಿಯೇಬಿಟ್ಟರು.

 ಸಾಕಮ್ಮ ಬಾಗಿಲಿಗೆ ಅಡ್ಡ ನಿಂತಳು. "ಬೇಡ ಅನ್ನಲ್ಲ ಬುದ್ದೀ. ಆದರೆ ಕೆಡವಿದ ಮನೆ ಮತ್ತೆ ಏಳಲ್ಲ. ಈ ಕೆಂಚಪ್ಪನವರ ಕಣ್ಣು ಕಟ್ಟಿ ಇನ್ನೊಂದು ಸಲ ನೋಡಿಬಿಡೋಣ. ಕಣ್ಣು ಕಟ್ಟಿದರೆ ನೆಲದೊಳಗಿನ ನೀರೇನು ಓಡಿಹೋಗುತ್ತಾ?"

ಪಟೇಲರು ಹೂಂ ಅಂದರು.

ಕಣ್ಣಿಗೆ ಬಟ್ಟೆ ಕಟ್ಟಿ, ರಟ್ಟೆ ಹಿಡಿದು ಸಾಕಮ್ಮ ಕೆಂಚಪ್ಪನನ್ನು ಊರೆಲ್ಲ ಸುತ್ತಿಸಿದಳು. ಕಾಯಿ ಮಿಸುಕಲಿಲ್ಲ. ಜನ ಹಿಂದೆ ನಡೆದರು. ಕೊನೆಗೆ, "ಹೊಸಿಲು ಇದೆ, ಕಾಲೆತ್ತಿ," ಅಂದಳು. ಕೆಂಚಪ್ಪ ಒಳಗೆ ಕಾಲಿಟ್ಟ. ಕಾಯಿ ನೆಟ್ಟಗೆ ನಿಂತಿತು.

"ನೋಡಿದಿರಾ, ಅದೇ ಜಾಗ! ಅಗೆಯಿರಿ!" ಎಂದು ಕೂಗಿದ.

ಬಟ್ಟೆ ಬಿಚ್ಚಿ ನೋಡಿದರೆ, ಅವನು ನಿಂತಿದ್ದದ್ದು ಪಟೇಲರ ನಡುಮನೆಯಲ್ಲಿ.

"ಗುದ್ದಲಿ ಒಳಗೆ ತರಿಸಲಾ ಬುದ್ದೀ?" ಸಾಕಮ್ಮ ಕೇಳಿದಳು.

ಪಟೇಲರು ಕಾಯಿಯನ್ನು ಕಿತ್ತುಕೊಂಡು ಅಡುಗೆಮನೆಯಲ್ಲಿದ್ದ ಹೆಂಡತಿಯ ಕಡೆ ಚಾಚಿದರು. "ಲೇ ಇವಳೇ, ಇದನ್ನ ಒಡೆದು ಚಟ್ನಿ ಮಾಡು!"